ಕುರುಗೋಡಿನಲ್ಲಿ ಎತ್ತಿ ನೋಡದ ಕೊಂಡಿ

ಟ್ರೇಲರಿನ ಮೂತಿ, ಅಂದರೆ ಲಾರಿಗೆ ಸಿಕ್ಕಿಸುವ ಅದರ ಮುಂತುದಿಯ ಭಾರ ಅಳೆಯಲು ನನ್ನ ಹತ್ತಿರ ದೊಡ್ಡ ಯಂತ್ರವೇನೂ ಇಲ್ಲ. ಮನೆಯಲ್ಲಿ ಮೈತೂಕ ನೋಡುವ ತಕ್ಕಡಿಯನ್ನೇ ನೆಲದ ಮೇಲಿಟ್ಟು, ಅದರ ಮೇಲೊಂದು ಗಟ್ಟಿ ಮರದ ತುಂಡು ನಿಲ್ಲಿಸಿ, ಮೂತಿಯನ್ನು ನಿಧಾನ ಅದರ ಮೇಲೆ ಇಳಿಸುತ್ತೇನೆ. ಆ ದಿನ ಬೆಳಿಗ್ಗೆ ಬಳ್ಳಾರಿಯ ಪಾರ್ವತಿನಗರದಲ್ಲಿ, ಗಿರಾಕಿಗಳ ಮನೆಯ ಮುಂದೆ, ಮುಳ್ಳು ತೊಂಬತ್ತೈದು ಕಿಲೋ ತೋರಿಸಿತು. ಟ್ರೇಲರಿನ ಒಟ್ಟು ಭಾರ ಒಂಬೈನೂರರ ಆಸುಪಾಸು. ಹತ್ತರಲ್ಲಿ ಒಂದು ಪಾಲಾದರೂ ಮೂತಿಯ ಮೇಲೆ ಕೂತಿರಬೇಕು. ಅದಕ್ಕಿಂತ ಹಗುರಾದರೆ ಓಡುವಾಗ ಟ್ರೇಲರ್ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ. ಒಮ್ಮೆ ಶುರುವಾದರೆ ಬ್ರೇಕ್ ಹಾಕಿದಷ್ಟೂ ಹೆಚ್ಚಾಗುತ್ತದೆ.

ಇದೆಲ್ಲ ಗೊತ್ತಿದ್ದವನು ನಾನು. ಬೇರೆಯವರಿಗೆ ಹೇಳಿಕೊಡುವವನೂ ನಾನೇ. ಗೊತ್ತಿರಲಿಲ್ಲ ಎನ್ನಲು ನನಗೆ ದಾರಿ ಇಲ್ಲ.

ಗಿರಾಕಿಗಳು ಗಂಡ ಹೆಂಡತಿ. ಆಕೆ ಕಣ್ಣಿನ ಡಾಕ್ಟರು, ಗಾಂಧಿನಗರದಲ್ಲಿ ದವಾಖಾನೆ. ಯಜಮಾನರು ಕಟ್ಟಡಗಳ ನಕ್ಷೆ ಬರೆಯುವ ಇಂಜಿನಿಯರ್. ಇಬ್ಬರಿಗೂ ಐವತ್ತರ ಹತ್ತಿರ ವಯಸ್ಸು, ಇಬ್ಬರಿಗೂ ಒಂದೊಂದು ಜೀಪು. ಕೆಸರು, ಗುಡ್ಡ, ಹಳ್ಳ ಹತ್ತಿಸಿ ಇಳಿಸುವ ಆಟಕ್ಕೆಂದೇ ಎತ್ತರಿಸಿ, ದೊಡ್ಡ ಟೈರು ಹಾಕಿಸಿದ ಗಾಡಿಗಳು. ಸಿರುಗುಪ್ಪ ತಾಲೂಕಿನ ರಾರಾವಿ ಹತ್ತಿರ ಗೆಳೆಯರೊಬ್ಬರ ಬೀಳು ಹೊಲದಲ್ಲಿ ಮೂರು ದಿನ ಇವರಂಥವರೆಲ್ಲ ಸೇರುವವರಿದ್ದರು. ಕೆಸರಿನ ಟೈರು ಡಾಂಬರಿನ ಮೇಲೆ ಬೇಗ ಸವೆಯುತ್ತವೆ. ಆಟ ಮುಗಿದ ಮೇಲೆ ಗಾಡಿ ತನ್ನ ಕಾಲ ಮೇಲೆ ಮನೆಗೆ ಬರುತ್ತದೆಂಬ ನಂಬಿಕೆಯೂ ಇಲ್ಲ. ಹಾಗಾಗಿ ನನ್ನ ಉದ್ದ ಹಾಸಿನ ಲಾರಿಯ ಮೇಲೆ ಎರಡು ಜೀಪು, ಲಾರಿಯ ಹಿಂದೆ ಇವರು ಮಲಗಲು, ಅಡುಗೆ ಮಾಡಲು ಕಟ್ಟಿಸಿಕೊಂಡಿದ್ದ ಕ್ಯಾಂಪಿಂಗ್ ಟ್ರೇಲರ್.

ಬಳ್ಳಾರಿಯಲ್ಲಿ ಯಜಮಾನರ ಜೀಪು ಹತ್ತಿಸಿದೆವು. ಡಾಕ್ಟರಮ್ಮನ ಜೀಪು ಕುರುಗೋಡಿನ ವೆಲ್ಡಿಂಗ್ ಶೆಡ್ಡಿನಲ್ಲಿತ್ತು. ಅದರ ಮುಂದಿನ ಬಂಪರಿಗೆ ವಿಂಚ್ ಕೂರಿಸುತ್ತಿದ್ದರು. ಕೆಸರಲ್ಲಿ ಸಿಕ್ಕ ಗಾಡಿಯನ್ನು ಉಕ್ಕಿನ ಹಗ್ಗದಿಂದ ಎಳೆದುಕೊಳ್ಳುವ, ಬ್ಯಾಟರಿಯಿಂದ ತಿರುಗುವ ರಾಟೆ ಅದು. ಅದಕ್ಕೇ ಸಿರುಗುಪ್ಪದ ನೇರ ಹೆದ್ದಾರಿ ಬಿಟ್ಟು ಕುರುಗೋಡಿನ ಮೇಲೆ ಹೋಗಬೇಕಾಯಿತು.

ಕುರುಗೋಡಿನಲ್ಲಿ ಕೆಲಸ ಉಲ್ಟಾ ಮಾಡಬೇಕಿತ್ತು. ಟ್ರೇಲರ್ ಹಿಂದೆ ಇದ್ದರೆ ಗಾಡಿ ಹತ್ತಿಸುವ ಲಾರಿಯ ಏರುಪಟ್ಟಿ ಇಳಿಸಲಾಗದು. ಟ್ರೇಲರ್ ಬಿಚ್ಚಿ ಪಕ್ಕಕ್ಕೆ ಸರಿಸಿ, ಪಟ್ಟಿ ಇಳಿಸಿದೆ. ರಾರಾವಿಯಲ್ಲಿ ಇಳಿಸುವ ಜಾಗ ಇಳಿಜಾರು, ಮುಖ ಮುಂದಾಗಿ ಇಳಿಸಬೇಕು ಎಂದು ಡಾಕ್ಟರಮ್ಮ ತಮ್ಮ ಜೀಪನ್ನು ತಾವೇ ಹಿಂದಕ್ಕೆ ಹತ್ತಿಸಿದರು. ಒಂದೇ ಸಲಕ್ಕೆ, ಗೆರೆ ಎಳೆದ ಹಾಗೆ. ನಾಲ್ಕು ಗಾಲಿಗೂ ಬೆಲ್ಟು ಬಿಗಿದೆ, ಅಚ್ಚಿಗೆ ಅಡ್ಡ ಚೈನು ಹಾಕಿದೆ. ಜೀಪಿನ ಮೂತಿ, ಅದರ ಮೇಲಿನ ಹೊಸ ವಿಂಚು ಈಗ ಹಿಂದಕ್ಕೆ ನೋಡುತ್ತಿದ್ದವು.

ಆಮೇಲೆ ಟ್ರೇಲರ್ ಮತ್ತೆ ಹೂಡಿದೆ. ಲಾರಿಯ ಹಿಂದೊಂದು ಉಕ್ಕಿನ ಗುಂಡು, ಟ್ರೇಲರಿನ ಮೂತಿಯಲ್ಲೊಂದು ಬಟ್ಟಲು. ಬಟ್ಟಲು ಗುಂಡಿನ ಮೇಲೆ ಕೂರಬೇಕು, ಕೊಂಡಿ ಒಳಗಿಂದ ಗುಂಡಿನ ಕುತ್ತಿಗೆ ಹಿಡಿಯಬೇಕು. ಹಿಡಿದಿದೆಯೋ ಇಲ್ಲವೋ ಹೊರಗಿಂದ ಕಾಣುವುದಿಲ್ಲ. ಅದಕ್ಕೊಂದು ಪರೀಕ್ಷೆ ಇದೆ. ಮೂತಿಯ ಕೆಳಗಿನ ಜಾಕನ್ನು ತಿರುವಿ ಎತ್ತಬೇಕು. ಲಾರಿಯ ಹಿಂಭಾಗವೂ ಜೊತೆಗೆ ಎದ್ದರೆ ಕೊಂಡಿ ಕಚ್ಚಿದೆ ಎಂದರ್ಥ. ಎರಡು ನಿಮಿಷದ ಕೆಲಸ.

ಯಜಮಾನರ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ರಾರಾವಿಯಲ್ಲಿ ಎಲ್ಲರೂ ಬಂದಾಗಿತ್ತು. ಸಿರುಗುಪ್ಪದ ಕಡೆ ಮೋಡ ಕಪ್ಪಾಗುತ್ತಿತ್ತು. "ಆತೇನ್ರಿ?" ಎಂದರು ಅವರು. ಕೊಂಡಿ ಕಟ್ ಎಂದ ಶಬ್ದ ನನಗೆ ಕೇಳಿತ್ತು. "ಆತ್ರಿ ಸರ್" ಎಂದೆ.

ಹೊರಡುವಾಗ ಡಾಕ್ಟರಮ್ಮ ಟ್ರೇಲರಿನ ಪಕ್ಕ ನಿಂತಿದ್ದರು. "ಅಣ್ಣಾರ, ನಿನ್ನಿ ಸಂಜಿತನಕ ಆಪರೇಷನ್ ಮಾಡೀನಿ. ತಲಿ ಸಿಡ್ಯಾಕತ್ತೇತಿ. ಅರ್ಧ ತಾಸು ಒಳಗ ಅಡ್ಡಾಗ್ತೀನಿ, ಬಾಗ್ಲ ತೆಗೀರಿ."

"ಓಡೋ ಟ್ರೇಲರ್‌ನ್ಯಾಗ ಯಾರೂ ಕುಂದ್ರಬಾರದ್ರಿ ಮೇಡಂ."

"ಗೊತ್ತೈತ್ರಿ. ನೀವು ನಿಧಾನ ಹೊಡೀತೀರಲ್ಲ."

ಕೀಲಿ ನನ್ನ ಜೇಬಿನಲ್ಲಿತ್ತು. ನಾನೇ ಬಾಗಿಲು ತೆಗೆದೆ. ಹಾಸಿಗೆ ಟ್ರೇಲರಿನ ತೀರಾ ಹಿಂಬದಿಗಿತ್ತು. ಅಲ್ಲಿ ಮಲಗಿದ ಒಬ್ಬರ ಭಾರ ಮೂತಿಯನ್ನು ಎಷ್ಟು ಹಗುರ ಮಾಡುತ್ತದೆಂಬ ಲೆಕ್ಕ ತಲೆಯಲ್ಲಿ ಹಾದುಹೋಯಿತು. ತಕ್ಕಡಿ ಸೀಟಿನ ಹಿಂದೆಯೇ ಇತ್ತು. ತೆಗೆಯಲಿಲ್ಲ.

ಕುರುಗೋಡು ದಾಟಿ ಸ್ವಲ್ಪ ದೂರದ ಮೇಲೆ ರಸ್ತೆ ಕಾಲುವೆಯ ಏರಿಗೆ ಬರುತ್ತದೆ. ಎಡಕ್ಕೆ ಕಾಂಕ್ರೀಟು ಹಾಸಿದ ಇಳಿಜಾರು, ಅದರ ಬುಡದಲ್ಲಿ ತುಂಬಿ ಹರಿಯುವ ನೀರು. ಬಲಕ್ಕೆ ಗದ್ದೆ. ಭತ್ತದ ನಾಟಿ ಜೋರಾಗಿದ್ದ ದಿನಗಳು. ಎದುರಿಗೊಂದು ಟ್ರ್ಯಾಕ್ಟರ್ ಬಂತು. ಕೆಸರುಗದ್ದೆ ತುಳಿಯುವ ಕಬ್ಬಿಣದ ಪಂಜರದ ಗಾಲಿ ಹಾಕಿದ್ದು, ಅಗಲ ಜಾಸ್ತಿ. ಅವನು ತನ್ನ ಬದಿಯಲ್ಲೇ ಇದ್ದ. ತನ್ನ ಎಡಗಾಲಿಗಳನ್ನು ಗದ್ದೆಯ ಅಂಚಿನ ಮಣ್ಣಿಗೂ ಇಳಿಸಿದ್ದ. ಇದನ್ನು ನಾನು ಕಣ್ಣಾರೆ ನೋಡಿದೆ.

ನಾನೂ ಎಡಕ್ಕೆ ಸರಿದೆ. ಟ್ರೇಲರಿನ ಗಾಲಿ ಡಾಂಬರಿನ ಅಂಚಿನಿಂದ ಗೇಣುದ್ದ ಕೆಳಗಿಳಿದು, ಪುಟಿದು ಮೇಲೆ ಬಂತು. ಅಷ್ಟೇ. ಬೇರೆ ದಿನವಾಗಿದ್ದರೆ ಅದು ಮರೆತುಹೋಗುವ ಕುಲುಕು. ಕನ್ನಡಿಯಲ್ಲಿ ಟ್ರೇಲರ್ ಎಡಕ್ಕೆ ಬೀಸಿತು, ಬಲಕ್ಕೆ ಬೀಸಿತು, ಮತ್ತೆ ಎಡಕ್ಕೆ ಬೀಸಿದಾಗ ಮೂತಿ ಮೇಲಕ್ಕೆ ಹಾರಿದ್ದು ಕಾಣಿಸಿತು. ಲಾರಿಯನ್ನು ಯಾರೋ ಹಿಂದಿನಿಂದ ಹಿಡಿದು ಜಗ್ಗಿದ ಹಾಗಾಯಿತು. ಬ್ರೇಕನ್ನು ಮುಟ್ಟಿಯೂ ಮುಟ್ಟದ ಹಾಗೆ ಒತ್ತಿ ನಿಲ್ಲಿಸಿದೆ. ಆಮೇಲೆ ಕನ್ನಡಿಯಲ್ಲಿ ಟ್ರೇಲರೇ ಇರಲಿಲ್ಲ.

ಅದು ಕಾಲುವೆಯ ಇಳಿಜಾರಿನ ಮೇಲೆ ಎಡ ಮಗ್ಗುಲಾಗಿ ಬಿದ್ದಿತ್ತು. ಬಾಗಿಲು ಎಡಗಡೆ, ಅಂದರೆ ನೆಲಕ್ಕೆ ಒತ್ತಿಕೊಂಡಿತ್ತು. ಹಿಂಭಾಗ ನೀರೊಳಗೆ. ಮೂತಿ ಮಾತ್ರ ರಸ್ತೆಯ ಅಂಚಿನಲ್ಲಿ. ಕೊಂಡಿ ತಪ್ಪಿದರೂ ಹಿಡಿಯಲೆಂದು ಹಾಕುವ ಎರಡು ಕಾವಲು ಚೈನುಗಳಲ್ಲಿ ಒಂದು ಹರಿದಿತ್ತು. ಇನ್ನೊಂದು ತಂತಿಯ ಹಾಗೆ ಬಿಗಿದಿತ್ತು. ಅದರ ತುದಿಯ ಕೊಕ್ಕೆ ಅರ್ಧ ಬಾಯಿ ಬಿಟ್ಟಿತ್ತು.

ನನ್ನ ಪಕ್ಕದ ಸೀಟಿನಲ್ಲಿದ್ದ ಯಜಮಾನರು ಇಳಿದೋಡಿ, ಹೆಂಡತಿಯ ಹೆಸರು ಕೂಗುತ್ತ ಇಳಿಜಾರಿಗೆ ಜಿಗಿಯಹೋದರು. ಸೊಂಟಕ್ಕೆ ಕೈ ಹಾಕಿ ಹಿಡಿದೆ. "ಬ್ಯಾಡ್ರಿ ಸರ್! ನಿಮ್ಮ ಭಾರ ಬಿದ್ರ ಆ ಚೈನೂ ಹೋಗ್ತೈತಿ!" ಅವರು ನನ್ನ ಮುಖಕ್ಕೆ ಹೊಡೆದರು. ಬಿಡಲಿಲ್ಲ.

ಒಳಗಿಂದ ದನಿ ಬಂತು. "ಅಣ್ಣಾರ... ಕೇಳ್ತೈತೇನ್ರಿ?"

ಆಕಾಶಕ್ಕೆ ಮುಖ ಮಾಡಿದ್ದ ಬಲಬದಿಯ ಕಿಟಕಿ ಒಡೆದಿತ್ತು. ದನಿ ಅಲ್ಲಿಂದಲೇ.

"ಕೇಳ್ತೈತ್ರಿ ಮೇಡಂ! ಪೆಟ್ಟಾಗೇತೇನ್ರಿ?"

"ಫ್ರಿಜ್ಜು ಕಪಾಟು ಸಮೇತ ಬಿದ್ದೈತಿ. ಬಲಗೈ ಅದರ ಬುಡಕ ಸಿಕ್ಕೈತಿ. ಜಗ್ಗಿದ್ರ ಬರವಲ್ದು. ನೀರು ಸೊಂಟದ ಮಟ ಬಂದೈತಿ."

ಅಷ್ಟರಲ್ಲಿ ಗದ್ದೆಯಿಂದ ಜನ ಓಡಿ ಬಂದಿದ್ದರು. ಎಲ್ಲರದೂ ಒಂದೇ ಮಾತು. ಲಾರಿ ಮುಂದ ತಗೋರಿ, ಎಳೀರಿ, ಮ್ಯಾಲ ಬರ್ತೈತಿ. ನನಗೂ ಹಾಗೇ ಅನಿಸಿತು. ಹತ್ತಿ ಕೂತು ಗೇರ್ ಹಾಕಿದೆ. ಕ್ಲಚ್ಚಿನಿಂದ ಕಾಲು ಅರ್ಧ ಎತ್ತುವಷ್ಟರಲ್ಲಿ ಹಿಂದಿನಿಂದ ಕಿರ್ ಎಂಬ ಸದ್ದು ಬಂತು. ಕಿಟಕಿಯಿಂದ ತಲೆ ಹಾಕಿ ನೋಡಿದೆ. ಕೊಕ್ಕೆಯ ಬಾಯಿ ಇನ್ನಷ್ಟು ತೆರೆದಿತ್ತು. ಎಳೆದರೆ ಟ್ರೇಲರ್ ಬರುವುದಿಲ್ಲ, ಕೊಕ್ಕೆ ಬಿಚ್ಚುತ್ತದೆ.

ಇಂಜಿನ್ ನಿಲ್ಲಿಸಿದೆ. ಲಾರಿ ಒಂದು ಅಂಗುಲವೂ ಅಲ್ಲಾಡಬಾರದು ಎಂದು ಆಗ ನಿಶ್ಚಯಿಸಿದೆ. ಜನ ಬೈದರು. ಒಬ್ಬ ಮುದುಕ "ಹೆಣ್ಮಗಳು ಸಾಯಾಕತ್ತಾಳ, ಕೈಕಟ್ಟಿ ಕುಂತಾನ ನೋಡ್ರಿ" ಎಂದು ಉಗುಳಿದ. ನಾನು ಕಲ್ಲು ತಂದು ಗಾಲಿಗಳಿಗೆ ಕೊಡಹತ್ತಿದೆ. ಕಲ್ಲು ಎರಡು ಸಲ ಜಾರಿ ಕಾಲ ಮೇಲೆ ಬಿತ್ತು. ಎಳೆಯುವುದು ಬೇಡ ಸರಿ, ಮತ್ತೇನು? ಜೀಪು ಇಳಿಸೋಣವೆಂದರೆ ಪಟ್ಟಿ ಇಳಿಯುವ ಜಾಗದಲ್ಲೇ ಟ್ರೇಲರಿನ ಮೂತಿ. ಕ್ರೇನ್ ಎಂದರೆ ಸಿರುಗುಪ್ಪದಿಂದ ಬರಬೇಕು. ಫೋನಿನಲ್ಲಿ ಕ್ರೇನಿನವನು ಒಂದು ತಾಸು ಎಂದ.

"ನೀರು ಏರಾಕತ್ತೇತ್ರಿ" ಎಂದರು ಡಾಕ್ಟರಮ್ಮ. ಏರುತ್ತಿದ್ದದ್ದು ನೀರಲ್ಲ. ಟ್ರೇಲರ್ ಜಾರುತ್ತಿತ್ತು.

ನಾನು ಕ್ರೇನಿನ ಮಾತು ಹೇಳಿದೆ. ಅವರು ರೋಗಿಗೆ ಔಷಧಿ ಹೇಳುವ ದನಿಯಲ್ಲಿ, "ನನ್ನ ಜೀಪು ಎತ್ತಗ ಮುಖ ಮಾಡೇತ್ರಿ?" ಎಂದು ಕೇಳಿದರು.

"ಹಿಂದಕ್ರಿ. ನಿಮ್ಮ ಕಡಿಗೇ."

"ವಿಂಚ್ ಐತಲ್ಲ ಮತ್ತ. ಇಳಸಬ್ಯಾಡ್ರಿ. ಅಲ್ಲಿಂದನ ಎಳೀರಿ."

ನಾಚಿಕೆಯಾಗುವಷ್ಟು ಸರಳವಿತ್ತು. ಜೀಪು ಲಾರಿಗೆ ಬಿಗಿದಿದೆ, ಲಾರಿ ಕಲ್ಲಿಗೆ ಒರಗಿದೆ. ಹಗ್ಗ ಬಿಟ್ಟರೆ ಟ್ರೇಲರಿಗೆ ಮುಟ್ಟುತ್ತದೆ. ಆದರೆ ಎಳೆತ ಬಿದ್ದ ಕೂಡಲೇ ಲಾರಿಯ ಹಿಂಭಾಗವೇ ಕಾಲುವೆಯ ಕಡೆ ಜಾರಬಹುದು. ಏರಿಯ ಅಂಚು ಹಿಂದಿನ ದಿನಗಳ ಮಳೆಗೆ ಮೆತ್ತಗಾಗಿತ್ತು. ಲಾರಿಯನ್ನು ಬಲಕ್ಕೆ ಹಿಡಿಯುವ ಒಂದು ಗೂಟ ಬೇಕಿತ್ತು.

ಆ ಟ್ರ್ಯಾಕ್ಟರಿನವನು ಹೋಗಿರಲಿಲ್ಲ. ಗಾಡಿ ನಿಲ್ಲಿಸಿ ಓಡಿ ಬಂದವರಲ್ಲಿ ಅವನೇ ಮೊದಲಿಗ. ನಲವತ್ತರ ಒಣಕಲು ಮನುಷ್ಯ, ಮೊಣಕಾಲವರೆಗೆ ಕೆಸರು. "ತಮ್ಮಾ, ನಿನ್ನ ಗಾಡಿ ಗದ್ದಿಗಿಳಸಿ ನನ್ನ ಲಾರಿ ಹಿಡ್ಕೋತೀಯೇನ?" ಎಂದೆ.

"ಇಳಸ್ತೀನಣ್ಣಾ. ಪಂಜರದ ಗಾಲಿ ಅದಾವು, ಕೆಸರಾಗ ಕಚ್ಚಿ ನಿಂತ್ರ ಆನಿ ಜಗ್ಗಿದ್ರೂ ಬರಂಗಿಲ್ಲ."

ನಾಟಿ ಮುಗಿದ ಗದ್ದೆಗೆ ಟ್ರ್ಯಾಕ್ಟರ್ ಇಳಿಸಿದ. ಯಾರ ಗದ್ದೆಯೋ, ಯಾರೂ ಕೇಳಲಿಲ್ಲ. ಲಾರಿಯ ಹಿಂದಿನ ಅಚ್ಚಿಗೆ ನನ್ನ ದಪ್ಪ ಚೈನು ಸುತ್ತಿ, ರಸ್ತೆಗೆ ಅಡ್ಡವಾಗಿ ಟ್ರ್ಯಾಕ್ಟರಿಗೆ ಬಿಗಿದೆವು.

ಡಾಕ್ಟರಮ್ಮ ಒಂದೊಂದೇ ಹೇಳುತ್ತ ಹೋದರು. ಬಾನೆಟ್ಟಿನ ಕೆಳಗೆ ಕೆಂಪು ಸ್ವಿಚ್ಚು, ಅದನ್ನು ತಿರುವದಿದ್ದರೆ ವಿಂಚಿಗೆ ಕರೆಂಟು ಹೋಗದು. ಇಂಜಿನ್ ಚಾಲೂ ಇರಬೇಕು, ಇಲ್ಲದಿದ್ದರೆ ಬ್ಯಾಟರಿ ಕೂರುತ್ತದೆ. ಕೊನೆಯ ಐದು ಸುತ್ತು ರಾಟೆಯ ಮೇಲೆ ಉಳಿಯಲಿ. ಹಗ್ಗದ ಮೇಲೆ ಒದ್ದೆ ಗೋಣಿಚೀಲ ಹಾಕಿರಿ, ಹರಿದರೆ ಯಾರ ಕುತ್ತಿಗೆಗೂ ಬರಬಾರದು. ಮಧ್ಯೆ ಮಧ್ಯೆ ಹಲ್ಲು ಕಚ್ಚಿದ ಸದ್ದು ಕೇಳುತ್ತಿತ್ತು. ಯಜಮಾನರು ರಸ್ತೆಯ ಮೇಲೆ ಮಂಡಿಯೂರಿ, ಕಿಟಕಿಯ ಕಡೆ ನೋಡುತ್ತ, ಆಕೆ ಹೇಳಿದ್ದನ್ನೆಲ್ಲ ನನಗೆ ಎರಡೆರಡು ಸಲ ಕೂಗಿ ಹೇಳುತ್ತಿದ್ದರು. ಅವರಿಗೆ ಮಾಡಲು ಬೇರೇನೂ ಇರಲಿಲ್ಲ.

ನಾನು ಹೊಟ್ಟೆಯ ಮೇಲೆ ಮಲಗಿ, ಟ್ರೇಲರಿನ ಮೂತಿಯ ಚೌಕಟ್ಟಿಗೆ ಎರಡು ಬದಿಯಿಂದ ಬೆಲ್ಟು ಸುತ್ತಿ, ನಡುವೆ ವಿಂಚಿನ ಕೊಕ್ಕೆ ಹಾಕಿದೆ. ಆಗ ಬಟ್ಟಲಿನ ಒಳಗು ಕಣ್ಣೆದುರೇ ಇತ್ತು. ಕೊಂಡಿ ಪೂರ್ತಿ ಕೆಳಗಿಳಿದಿರಲಿಲ್ಲ. ಅದು ಗುಂಡಿನ ಕುತ್ತಿಗೆಯನ್ನು ಹಿಡಿದೇ ಇರಲಿಲ್ಲ. ಕುರುಗೋಡಿನಿಂದ ಇಲ್ಲಿಯವರೆಗೆ ಬಟ್ಟಲು ಸುಮ್ಮನೆ ಗುಂಡಿನ ಮೇಲೆ ಕೂತು ಬಂದಿತ್ತು.

ವಿಂಚ್ ಒತ್ತಿದೆ. ಹಗ್ಗ ಬಿಗಿಯಿತು. ಲಾರಿ ನರಳಿತು, ಗದ್ದೆಯಲ್ಲಿ ಟ್ರ್ಯಾಕ್ಟರಿನ ಚೈನು ನೆಲ ಬಿಟ್ಟೆದ್ದಿತು. ಪೂರ್ತಿ ಎಳೆಯುವ ಆಸೆ ಮಾಡಲಿಲ್ಲ. ಕಾವಲು ಚೈನು ಸಡಿಲಾಗುವಷ್ಟು, ಅಷ್ಟೇ. ಈಗ ಜಾರುವುದಿಲ್ಲ. ಆದರೆ ಒಳಗೆ ಹೋಗಿ ಕೈ ಬಿಡಿಸಬೇಕು. ಕಿಟಕಿ ಸಣ್ಣದು, ನಾನು ತೊಂಬತ್ತು ಕಿಲೋ ಆಳು.

"ನಾ ಹೋಗ್ತೀನಣ್ಣಾ" ಎಂದ ಟ್ರ್ಯಾಕ್ಟರಿನವನು. ಗದ್ದೆಯಲ್ಲಿ ತನ್ನ ಜೊತೆಗಾರನನ್ನು ಬ್ರೇಕಿನ ಮೇಲೆ ಕೂರಿಸಿ ಬಂದಿದ್ದ. "ಈಜು ಬರ್ತೈತಿ ನನಗ."

ಸೊಂಟಕ್ಕೆ ಹಗ್ಗ ಕಟ್ಟಿದೆ. ನನ್ನ ಲಾರಿಯ ಗಿಡ್ಡ ಜಾಕ್, ಒಂದು ಬೆಲ್ಟು ಕೈಗೆ ಕೊಟ್ಟೆ. ಕಿಟಕಿಯಿಂದ ಕಾಲು ಮೊದಲು ಮಾಡಿ ಇಳಿದ. ಆಮೇಲೆ ನಮಗೆ ಕೇಳಿಸಿದ್ದು ಮಾತು ಮಾತ್ರ.

"ಅಮ್ಮಾ, ಭಯಪಡಬ್ಯಾಡ್ರಿ. ಜಾಕ್ ಎಲ್ಲಿ ಇಡ್ಲಿ?"

"ಕಪಾಟಿನ ಮೂಲಿಗಿ. ಅಲ್ಲಲ್ಲ, ಕೆಳಗ. ಹಾಂ. ನೀರಾಗ ಕೈ ಹಾಕಿ ನೋಡು, ನನ್ನ ಬೆರಳು ಸಿಗ್ತಾವು."

"ಸಿಕ್ಕುವಮ್ಮಾ."

"ಬೆರಳು ಮುಟ್ಟೀಯೇನು?"

"ಹೂಂ ಅಮ್ಮಾ, ಹಿಡ್ಕೊಂಡೀನಿ."

"ನನಗ ತಿಳಿವಲ್ದು" ಎಂದರು ಡಾಕ್ಟರಮ್ಮ. ಅಷ್ಟು ಹೊತ್ತು ಗಟ್ಟಿಯಿದ್ದ ದನಿ ಅಲ್ಲಿ ಒಡೆಯಿತು. ಯಜಮಾನರು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡರು.

ಜಾಕ್ ತಿರುಗುವ ಸದ್ದು ಎಷ್ಟು ಹೊತ್ತು ಬಂತೋ ಹೇಳಲಾರೆ. ಕೊನೆಗೆ ಬೆಲ್ಟಿನ ತುದಿ ಮೇಲೆ ಬಂತು. ಆಕೆಯ ಕಂಕುಳಡಿ ಸುತ್ತಿದ್ದ. ನಾನು, ಯಜಮಾನರು, ಗದ್ದೆಯಿಂದ ಬಂದವನೊಬ್ಬ, ಮೂವರೂ ಮೇಲಿಂದ ಎಳೆದೆವು, ಅವನು ಕೆಳಗಿಂದ ಹೆಗಲು ಕೊಟ್ಟ. ಹೊರಬಂದಾಗ ಆಕೆಯ ಬಲಗೈ ಮಣಿಕಟ್ಟಿನ ಕೆಳಗೆ ಚಪ್ಪಟೆಯಾಗಿತ್ತು. ಆಕೆ ಅದನ್ನು ನೋಡಲಿಲ್ಲ. ಮೋಡದ ಕಡೆ ನೋಡುತ್ತ, "ಅವನನ್ನ ಮೊದ್ಲ ಮ್ಯಾಲ ತಗೋರಿ" ಎಂದರು.

ಸಿರುಗುಪ್ಪದ ಆಸ್ಪತ್ರೆಯಲ್ಲಿ ಕೈಗೆ ಕಟ್ಟು ಹಾಕಿ, ಬಳ್ಳಾರಿಗೆ ಕಳಿಸಲು ತಯಾರಿ ನಡೆಸುತ್ತಿದ್ದಾಗ ಪೊಲೀಸರೊಬ್ಬರು ಬಂದರು. ವರಾಂಡದ ಬೆಂಚಿನ ಮೇಲೆ ಕೂತು ಬರೆದುಕೊಳ್ಳತೊಡಗಿದರು. ಯಜಮಾನರೇ ಹೇಳಿದರು. "ಟ್ರ್ಯಾಕ್ಟರ್ ನಮ್ಮ ಬದಿಗೆ ಬಂತ್ರಿ. ತಪ್ಪಸಾಕ ಹೋಗಿ ಹಿಂಗಾತು. ಈಕಿ ಒಳಗ ಮಲಗ್ಯಾಳಂತ ಡ್ರೈವರಿಗೆ ಗೊತ್ತಿದ್ದಿಲ್ಲ." ಅವರು ನನ್ನನ್ನು ಉಳಿಸಲು ಹೇಳಿದರೋ, ಇನ್ಶೂರೆನ್ಸಿಗಾಗಿ ಹೇಳಿದರೋ, ಗಾಬರಿಯಲ್ಲಿ ಹಾಗೇ ಕಂಡಿದ್ದರೋ, ಇವತ್ತಿಗೂ ತಿಳಿಯದು.

ಪೊಲೀಸರು ನನ್ನ ಕಡೆ ತಿರುಗಿದರು. "ಹೌದೇನ್ರಿ?"

"ಹೌದ್ರಿ" ಎಂದೆ. ಸಹಿ ಮಾಡಿದೆ.

ಮಧ್ಯಾಹ್ನ ಇಳಿಹೊತ್ತಿಗೆ ಲಾರಿಯ ಹತ್ತಿರ ವಾಪಸ್ ಬಂದೆ. ಟ್ರ್ಯಾಕ್ಟರಿನವನು ಅಲ್ಲೇ ಕೂತಿದ್ದ. ಜೀಪುಗಳಿಂದ ಯಾರೂ ಏನೂ ಬಿಚ್ಚಬಾರದೆಂದು ಕಾವಲು ಕೂತಿದ್ದನಂತೆ. ನನ್ನ ಬೆಲ್ಟುಗಳನ್ನು ಕಾಲುವೆ ನೀರಲ್ಲಿ ತೊಳೆದು, ಸುತ್ತಿ, ಸಾಲಾಗಿ ಇಟ್ಟಿದ್ದ. "ಅಮ್ಮ ಹೆಂಗದಾರಣ್ಣಾ?" ಎಂದು ಕೇಳಿದ. "ಅದಾರಪ್ಪ" ಎಂದೆ. ನನ್ನ ನಂಬರು ಬರೆದುಕೊಂಡ. ಆಮೇಲೆ ಫೋನ್ ಮಾಡಿ ವಿಚಾರಿಸಲಿಕ್ಕೆ.

ಮಾರನೆಯ ಬೆಳಿಗ್ಗೆ ಫೋನು ಬಂತು. "ಅಣ್ಣಾ, ಗಾಡಿ ಸ್ಟೇಷನ್‌ನ್ಯಾಗ ಇಟ್ಗೊಂಡಾರ. ನಾ ಅಡ್ಡ ಬಂದ್ನಂತ. ನಾ ಎಲ್ಲಿ ಅಡ್ಡ ಬಂದೆ ಅಣ್ಣಾ? ನೀವು ನೋಡೀರಲ್ಲ, ನೀವೊಂದು ಮಾತು ಹೇಳಿದ್ರ ಬಿಡ್ತಾರ." ಅವನಿಗೆ ನನ್ನ ಸಹಿಯ ವಿಷಯ ಗೊತ್ತಿರಲಿಲ್ಲ. ನಾನೇ ಅವನ ಸಾಕ್ಷಿ ಎಂದು ನಂಬಿದ್ದ.

ಹೆಂಡತಿ ತಟ್ಟೆಯಲ್ಲಿ ಒಗ್ಗರಣೆ ಮಂಡಕ್ಕಿ ಇಟ್ಟಿದ್ದಳು. ಅವಳಿಗೆ ಎಲ್ಲ ಹೇಳಿದೆ, ಕೊಂಡಿಯ ಸಂಗತಿಯನ್ನೂ. "ಲೈಸೆನ್ಸ್ ಹೋದ್ರ?" ಎಂದಳು. "ಹೋಗ್ತೈತಿ" ಎಂದೆ. "ತಿಂದು ಹೋಗ್ರಿ" ಎಂದಳು. ತಟ್ಟೆ ಮುಚ್ಚಿಟ್ಟೆ. ಸಿರುಗುಪ್ಪದ ಬಸ್ಸು ಹತ್ತಿದೆ.

ಸ್ಟೇಷನ್ನಿನ ಅಂಗಳದಲ್ಲಿ ಟ್ರ್ಯಾಕ್ಟರ್ ನಿಂತಿತ್ತು. ಪಂಜರದ ಗಾಲಿಯಲ್ಲಿ ನಿನ್ನೆಯ ಕೆಸರು ಒಣಗಿತ್ತು. ಅದರ ನೆರಳಲ್ಲಿ ಅವನು ಕುಕ್ಕರಗಾಲಲ್ಲಿ ಕೂತಿದ್ದ. ನನ್ನನ್ನು ಕಂಡದ್ದೇ ಎದ್ದು ಬಂದ. ಅವನೆದುರೇ ಹೇಳಬೇಕೆಂದು ಒಳಗೆ ಕರೆದುಕೊಂಡು ಹೋದೆ.

ನಿನ್ನೆ ಬರೆದುಕೊಂಡ ಪೊಲೀಸರೇ ಇದ್ದರು. "ನಿನ್ನಿ ಹೇಳಿದ್ದು ಸುಳ್ಳ್ರಿ. ಇವ ತನ್ನ ಬದೀಗೇ ಇದ್ದ. ಕೊಂಡಿ ಕಚ್ಚಿದ್ದಿಲ್ಲ, ನಾ ನೋಡಲಿಲ್ಲ. ಅವರು ಒಳಗ ಹೋಗಾಕ ಬಾಗ್ಲ ತೆಗದಾವ ನಾನ."

ಅವರು ಪೆನ್ನು ಕೆಳಗಿಟ್ಟರು. "ಏನ್ರೀ ನೀವು. ಸುಮ್ನ ಮನ್ಯಾಗಿದ್ರ ಮುಗೀತಿತ್ತು. ಈಗ ಕೇಸು ನಿಮ್ಮ ಮ್ಯಾಲ ಆಗ್ತೈತಿ."

"ಆಗ್ಲ್ರಿ."

ಟ್ರ್ಯಾಕ್ಟರಿನವನು ನನ್ನನ್ನೇ ನೋಡುತ್ತಿದ್ದ. ನಿನ್ನೆ ನಾನು ಏನು ಹೇಳಿದ್ದೆನೆಂದು ಅವನಿಗೆ ನಿಧಾನಕ್ಕೆ ತಿಳಿಯುತ್ತಿತ್ತು. ಸಂಜೆಗೆ ಗಾಡಿ ಬಿಟ್ಟರು. ಹೋಗುವಾಗ ಅವನು ಬೈಯಲಿಲ್ಲ, ಅಣ್ಣಾ ಎನ್ನಲೂ ಇಲ್ಲ. ಗಾಡಿ ಚಾಲೂ ಮಾಡಿಕೊಂಡು ಹೋದ. ಆಮೇಲೆ ಅವನ ಫೋನು ಎಂದೂ ಬರಲಿಲ್ಲ.

ನನ್ನ ಲೈಸೆನ್ಸನ್ನು ಕೆಲವು ತಿಂಗಳು ತಡೆಹಿಡಿದರು. ಕೇಸು ನಡೆಯುತ್ತಿದೆ. ಡಾಕ್ಟರಮ್ಮನ ಕೈಗೆ ಎರಡನೆಯ ಆಪರೇಷನ್ ಆಗಿದೆಯೆಂದು ಕೇಳಿ ಒಂದು ದಿನ ಪಾರ್ವತಿನಗರಕ್ಕೆ ಹೋದೆ. ಗೇಟಿನ ಮುಂದೆ ಎರಡು ಸಲ ಅಡ್ಡಾಡಿ ಆಮೇಲೆ ಗಂಟೆ ಒತ್ತಿದೆ. ಯಜಮಾನರು ಬಾಗಿಲು ತೆರೆದರು. ನನ್ನನ್ನು ನೋಡಿ ಪಕ್ಕಕ್ಕೆ ಸರಿದು ನಿಂತರು.

ಡಾಕ್ಟರಮ್ಮ ಊಟದ ಮೇಜಿನ ಹತ್ತಿರ ಕೂತಿದ್ದರು. ಮುಂದೆ ಎರಡು ತಟ್ಟೆ. ಒಂದರಲ್ಲಿ ಹೆಸರುಕಾಳು. ಬಲಗೈಯ ಹೆಬ್ಬೆರಳು ತೋರುಬೆರಳಿನಿಂದ ಒಂದು ಕಾಳು ಹಿಡಿದು ಇನ್ನೊಂದು ತಟ್ಟೆಗೆ ಹಾಕಲು ನೋಡುತ್ತಿದ್ದರು. ಆ ಇನ್ನೊಂದು ತಟ್ಟೆ ಖಾಲಿಯಿತ್ತು.

"ಸ್ಟೇಷನ್‌ನ್ಯಾಗ ಬರಸೀರಂತ" ಎಂದರು, ತಲೆ ಎತ್ತದೆ. "ಬಾಗ್ಲ ತೆಗೀರಿ ಅಂದಾಕಿ ನಾನು. ಅದನ್ನ ನಾನೂ ಬರಸೀನಿ."

"ಕೊಂಡಿದು ಮೇಡಂ..."

"ಅದು ನಿಮ್ದ" ಎಂದರು. "ಅದ್ರಾಗ ನನ್ನ ಪಾಲಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ, ಕ್ಷಮೆಯೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಮತ್ತೆ ರೋಗಿಗಳಿಗೆ ಆಪರೇಷನ್ ಮಾಡಲಾಗುತ್ತದೆಯೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವರೇ ಹೇಳಿದರು. "ಬೆರಳಿಗೆ ಜೀವ ಬಂದೈತಿ. ಸೂಕ್ಷ್ಮ ಇನ್ನಾ ಬಂದಿಲ್ಲ. ಬರ್ತೈತೋ ಇಲ್ಲೋ ಯಾರಿಗೂ ಗೊತ್ತಿಲ್ಲ."

ಒಂದು ಕಾಳು ಎದ್ದಿತು. ಅಂಗುಲದಷ್ಟು ಮೇಲೆ ಬಂದು, ಜಾರಿ, ಮೇಜಿನ ಮೇಲೆ ಉರುಳಿ ನನ್ನ ಕಡೆ ಬಂತು. ಎತ್ತಿ ಕೊಡಲು ಕೈ ಚಾಚಿದೆ.

"ಬ್ಯಾಡ್ರಿ, ಅಲ್ಲೇ ಇರ್ಲಿ" ಎಂದರು. "ಕುಂದರ್ರಿ."

ನಾನು ಎದುರಿನ ಕುರ್ಚಿ ಎಳೆದು ಕೂತೆ. ಅವರು ಮೇಜಿನ ಮೇಲೆ ಮುಂದಕ್ಕೆ ಬಾಗಿ, ಆ ಕಾಳಿನ ಕಡೆಗೆ ಬೆರಳು ಚಾಚಿದರು.